ದನಿ ತಗ್ಗಿಸಿದ ಎರಡು ವರ್ಷ: ಮಂಡ್ಯ ಸೀಮೆಯ ಧರ್ಮಕೇಂದ್ರಗಳಲ್ಲಿ ಪೂಜೆ ಮತ್ತು ಹಾಡು, 2020–22

ಧರ್ಮಕೇಂದ್ರದ ಚರಿತ್ರೆ ಬರೆಯಲು ಕುಳಿತವರ ಕೈಗೆ ಮೊದಲು ಸಿಗುವುದು ಅಡಿಗಲ್ಲಿನ ದಿನಾಂಕ, ಗಂಟೆಗೋಪುರ ಎದ್ದ ವರ್ಷ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ. 2020ರ ಮಾರ್ಚಿನಿಂದ 2022ರ ಈಸ್ಟರ್‌ವರೆಗಿನ ಕೋವಿಡ್ ಅವಧಿಯನ್ನು ಆ ಪಟ್ಟಿಗೆ ಸೇರಿಸುವುದು ಕಷ್ಟ. ಆಗ ಕಟ್ಟಿದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ತೇರು ನಿಂತಿತು, ಬ್ಯಾಂಡ್‌ಸೆಟ್ಟು ನಿಂತಿತು, ಗಾನವೃಂದ ಬಾಯಿ ಮುಚ್ಚಿತು. ಆದರೂ ಪೂಜೆ ಒಂದು ದಿನವೂ ನಿಲ್ಲಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಗುರುಗಳು ಒಬ್ಬರೇ ಅರ್ಪಿಸಿದರು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ಲೆಕ್ಕ ಆ ಎರಡು ವರ್ಷಗಳಲ್ಲಿ ನಡೆದಷ್ಟು ಕಟ್ಟುನಿಟ್ಟಾಗಿ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಎಂದೂ ನಡೆದಿರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ವಿಶ್ವಾಸಿಗಳಿಗೆ ಆ ಲೆಕ್ಕ ಹೇಗೆ ಬಂದು ತಲುಪಿತು ಎಂಬುದನ್ನು ದಾಖಲಿಸುವುದು ಈ ಲೇಖನದ ಉದ್ದೇಶ.

ದೊಡ್ಡಸ್ವಾಮಿಯವರ ಕಾಲದ ಪಿಡುಗು

ಪಿಡುಗಿಗೂ ಈ ಸೀಮೆಯ ಧರ್ಮಸಭೆಗೂ ನಂಟು ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಫ್ರೆಂಚ್ ಗುರು ಅಬ್ಬೆ ದುಬುವಾ. ಗಂಜಾಮಿನಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುವ ದೇವಾಲಯವಿದೆ. ಬಿಳಿಯ ನಿಲುವಂಗಿ, ತಲೆಗೆ ಪೇಟ, ಸಸ್ಯಾಹಾರ: ಊರಿನವರಂತೆ ಬದುಕಿದ ಅವರನ್ನು ಜನ ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬು ಮನೆ ಮನೆಯನ್ನು ಗುಡಿಸಿಹಾಕುತ್ತಿದ್ದ ಕಾಲ ಅದು. ಜೆನ್ನರ್ ಕಂಡುಹಿಡಿದ ಲಸಿಕೆ 1802ರಲ್ಲಿ ಮುಂಬೈಗೆ ಬಂತು. ಅದಾದ ಒಂದೆರಡು ವರ್ಷಗಳಲ್ಲೇ ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸುವ ಕೆಲಸವನ್ನು ದುಬುವಾ ನಡೆಸಿದರು. ಹೊಸ ಮದ್ದಿನ ಬಗ್ಗೆ ಜನರಿಗಿದ್ದ ಅಂಜಿಕೆಯನ್ನು ಕಳೆಯಲು ಅವರ ನಿಲುವಂಗಿಯ ಮೇಲಿನ ನಂಬಿಕೆ ಸಹಾಯಕ್ಕೆ ಬಂತು. 2021ರಲ್ಲಿ ಲಸಿಕೆಗೆ ಹಿಂಜರಿದ ಹಿರಿಯರನ್ನು ಒಪ್ಪಿಸಬೇಕಾಗಿ ಬಂದಾಗ, ನಮ್ಮ ಗುರುಗಳಿಗೆ ಉದಾಹರಣೆ ಹುಡುಕಲು ದೂರ ಹೋಗಬೇಕಿರಲಿಲ್ಲ. ಗಂಜಾಂ ಮಂಡ್ಯ ಜಿಲ್ಲೆಯಲ್ಲೇ ಇದೆ.

1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದು ಹಳೇ ಮೈಸೂರಿಗೆ ಹರಡಿತು. 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ ಹಳೇ ಮೈಸೂರಿನ ಮನೆಗಳಲ್ಲಿ ಅಜ್ಜ ಅಜ್ಜಿಯರಿಂದ ಬಂದಿದೆ. ಆಗಿನ ಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು. ಜನರ ಪಾಲಿನ ಪ್ರಾರ್ಥನೆ ಬಹುಮಟ್ಟಿಗೆ ಜಪಸರ, ಶಿಲುಬೆಹಾದಿ, ಸಂತರ ಮೊರೆ. ಗುಡಿಗೆ ಹೋಗಲಾಗದಿದ್ದರೂ ಆ ಪ್ರಾರ್ಥನೆ ಮನೆಯಲ್ಲಿ ನಡೆಯುತ್ತಿತ್ತು. 2020ರಲ್ಲಿ ನಮಗೆ ಎದುರಾದ ಪ್ರಶ್ನೆ ಬೇರೆ. 1960ರ ದಶಕದ ಸುಧಾರಣೆಯ ನಂತರ ಪೂಜೆ ಕನ್ನಡಕ್ಕೆ ಬಂತು, ಜನ ಉತ್ತರ ಕೊಡತೊಡಗಿದರು, ಹಾಡತೊಡಗಿದರು. ಜನರೇ ಇಲ್ಲದ ಗುಡಿಯಲ್ಲಿ ಜನರ ಪೂಜೆಯನ್ನು ನಡೆಸುವುದು ಹೇಗೆ?

ಬಾಗಿಲು ಮುಚ್ಚಿದ ಪವಿತ್ರ ವಾರ

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ. ಅದು ತಪಸ್ಸುಕಾಲದ ನಾಲ್ಕನೇ ಭಾನುವಾರ. ತಪಸ್ಸುಕಾಲದಲ್ಲಿ ವಾದ್ಯ ನುಡಿಸುವುದು ಹಾಡುವವರಿಗೆ ಆಸರೆಯಾಗಿ ಮಾತ್ರ. ಅದಕ್ಕೆ ವಿನಾಯಿತಿ ಇರುವ ದಿನಗಳಲ್ಲಿ ಈ ನಾಲ್ಕನೇ ಭಾನುವಾರ, ಆನಂದದ ಭಾನುವಾರ, ಒಂದು. ಹಾರ್ಮೋನಿಯಂ, ಕೀಬೋರ್ಡ್ ಬಾಯಿ ಬಿಡಬಹುದಾದ ಭಾನುವಾರವೇ ಗುಡಿಗಳು ಬಾಗಿಲು ಹಾಕಿದವು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಏಪ್ರಿಲ್‌ನಲ್ಲಿ ಜಿಲ್ಲೆಯ ಮೊದಲ ಸೋಂಕಿನ ಪ್ರಕರಣಗಳು ಮಳವಳ್ಳಿಯಲ್ಲಿ ಕಂಡುಬಂದು, ಪಟ್ಟಣದ ಬೀದಿಗಳಿಗೆ ಬೇಲಿ ಬಿತ್ತು. ಪವಿತ್ರ ವಾರ ಬಂದದ್ದು ಇದರ ನಡುವೆ: ಏಪ್ರಿಲ್ 5 ಗರಿಗಳ ಭಾನುವಾರ, 9 ಪವಿತ್ರ ಗುರುವಾರ, 10 ಶುಭ ಶುಕ್ರವಾರ, 12 ಈಸ್ಟರ್. ಗರಿಗಳ ಭಾನುವಾರದ ರಾತ್ರಿ ಒಂಬತ್ತಕ್ಕೆ ಪ್ರಧಾನಿಯವರ ಕರೆಯಂತೆ ಇಡೀ ದೇಶ ದೀಪ ಹಚ್ಚಿತು. ಆ ದಿನ ಬೆಳಿಗ್ಗೆ ಹಿಡಿಯಬೇಕಿದ್ದ ಗರಿಯ ಮೆರವಣಿಗೆ ಮಾತ್ರ ಯಾವ ಬೀದಿಯಲ್ಲೂ ಹೊರಡಲಿಲ್ಲ.

ರೋಮ್‌ನ ಆರಾಧನಾವಿಧಿ ಸಭೆ ಮಾರ್ಚ್ 19ರಂದೂ 25ರಂದೂ ಆಜ್ಞಾಪತ್ರ ಹೊರಡಿಸಿತ್ತು. ಈಸ್ಟರ್ ದಿನಾಂಕವನ್ನು ಮುಂದೂಡಲಾಗದು, ಪೂಜೆಯನ್ನು ಜನರಿಲ್ಲದೆಯೇ ಅರ್ಪಿಸಬೇಕು ಎಂಬುದು ಅದರ ತಿರುಳು. ಗುರುವಾರ ಪಾದ ತೊಳೆಯುವ ವಿಧಿ ಬೇಡ. ಪೂಜೆಯ ಕೊನೆಗೆ ಪರಮಪ್ರಸಾದದ ಮೆರವಣಿಗೆ ಬೇಡ. ಶುಕ್ರವಾರ ಶಿಲುಬೆಗೆ ಮುತ್ತಿಡುವುದು ಪೂಜೆ ಅರ್ಪಿಸುವ ಗುರುಗಳಿಗೆ ಮಾತ್ರ. ವಿಶ್ವಾಸಿಗಳ ಪ್ರಾರ್ಥನೆಗಳಲ್ಲಿ ರೋಗಿಗಳಿಗೂ ಸತ್ತವರಿಗೂ ಒಂದು ವಿಶೇಷ ಬಿನ್ನಹ ಸೇರಬೇಕು. ಬೀದಿಯ ಭಕ್ತಿ ಮೆರವಣಿಗೆಗಳನ್ನು ಬೇಕಿದ್ದರೆ ಸೆಪ್ಟೆಂಬರ್ 14, 15ಕ್ಕೆ ವರ್ಗಾಯಿಸಬಹುದು.

ಇವುಗಳಲ್ಲಿ ಅತಿ ಹೆಚ್ಚು ಕತ್ತರಿ ಬಿದ್ದದ್ದು ಪಾಸ್ಖ ಜಾಗರಣೆಗೆ. ಬೇರೆ ವರ್ಷಗಳಲ್ಲಿ ಆ ರಾತ್ರಿಯ ಆರಂಭ ಹೀಗಿರುತ್ತದೆ: ಗುಡಿಯ ದೀಪಗಳೆಲ್ಲ ಆರಿರುತ್ತವೆ. ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸುತ್ತಾರೆ. ಆ ಬೆಂಕಿಯಿಂದ ಪಾಸ್ಖ ಮೇಣದಬತ್ತಿ ಹೊತ್ತುತ್ತದೆ. ಬತ್ತಿ ಹಿಡಿದವರು ಮೂರು ಕಡೆ ನಿಂತು ಕ್ರಿಸ್ತಜ್ಯೋತಿಯ ಘೋಷಣೆಯನ್ನು ಒಂದಕ್ಕಿಂತ ಒಂದು ಎತ್ತರದ ಶ್ರುತಿಯಲ್ಲಿ ಹಾಡುತ್ತಾರೆ; ಜನ ಅದೇ ಶ್ರುತಿಯಲ್ಲಿ ಉತ್ತರ ಕೊಡುತ್ತ, ಒಬ್ಬರ ಬತ್ತಿಯಿಂದ ಇನ್ನೊಬ್ಬರು ಹೊತ್ತಿಸಿಕೊಳ್ಳುತ್ತ ಒಳಗೆ ಬರುತ್ತಾರೆ. ಬಳಿಕ ಪಾಸ್ಖ ಘೋಷಣಾಗೀತೆ. 2020ರಲ್ಲಿ ಬೆಂಕಿ ಇಲ್ಲ, ಮೆರವಣಿಗೆ ಇಲ್ಲ. ಬತ್ತಿ ಹೊತ್ತಿಸಿದ ಕೂಡಲೇ ಘೋಷಣಾಗೀತೆ. ಜ್ಞಾನಸ್ನಾನದ ವಿಧಿಯಲ್ಲಿ ಪ್ರತಿಜ್ಞೆಗಳನ್ನು ನವೀಕರಿಸುವುದಷ್ಟೇ ಉಳಿಯಿತು. ಜಾಗರಣೆ ನಡೆದದ್ದೂ ಪ್ರಧಾನಾಲಯ ಮತ್ತು ಧರ್ಮಕೇಂದ್ರದ ಗುಡಿಗಳಲ್ಲಿ ಮಾತ್ರ. ಉಪಕೇಂದ್ರದ ಹಳ್ಳಿಗಳಿಗೆ ಆ ರಾತ್ರಿ ಪೂಜೆಯೇ ಇಲ್ಲ.

ಕತ್ತರಿ ಹಾಕಿದವರ ವಿವೇಕವನ್ನು ಇಲ್ಲಿ ಗಮನಿಸಬೇಕು. ಗುಂಪು ಕೂಡಿಸುವುದನ್ನೆಲ್ಲ ತೆಗೆದರು. ಒಬ್ಬರೇ ಹಾಡಬಹುದಾದ ಘೋಷಣಾಗೀತೆಯನ್ನು ಉಳಿಸಿದರು. ವರ್ಷವಿಡೀ ಗಾನವೃಂದದ ಬಲದ ಮೇಲೆ ನಡೆದ ಗುಡಿಗಳಲ್ಲಿ, ವರ್ಷದ ಅತಿ ದೊಡ್ಡ ಹಾಡು ಗುರುಗಳ ಒಂಟಿ ಕಂಠದ ಪಾಲಾಯಿತು.

ಹಾಡಿನ ಮೇಲೆ ಬಿದ್ದ ನಿರ್ಬಂಧ

ಜೂನ್ 8ರಂದು ಪೂಜಾಸ್ಥಳಗಳು ತೆರೆದವು. ಅದಕ್ಕೂ ಮುಂಚೆ, ಜೂನ್ 4ರಂದು, ಕೇಂದ್ರ ಆರೋಗ್ಯ ಸಚಿವಾಲಯ ನಿಯಮಾವಳಿ ಹೊರಡಿಸಿತ್ತು. ಆರು ಅಡಿ ಅಂತರ, ಮಾಸ್ಕ್, ಕೈ ತೊಳೆಯುವುದು, ಪ್ರಸಾದ ಹಂಚಬಾರದು, ತೀರ್ಥ ಚಿಮುಕಿಸಬಾರದು, ಪ್ರತಿಮೆಗಳನ್ನೂ ಪವಿತ್ರ ಗ್ರಂಥಗಳನ್ನೂ ಮುಟ್ಟಬಾರದು. 65 ದಾಟಿದವರು, 10ರ ಒಳಗಿನ ಮಕ್ಕಳು, ಗರ್ಭಿಣಿಯರು ಮನೆಯಲ್ಲೇ ಇರುವುದು ಒಳ್ಳೆಯದು. ಈ ಸಾಲಿನಲ್ಲೇ ಇನ್ನೊಂದು ಮಾತಿತ್ತು: ಸಾಧ್ಯವಾದ ಮಟ್ಟಿಗೆ ಧ್ವನಿಮುದ್ರಿತ ಭಕ್ತಿಗೀತೆ ಹಾಕಬಹುದು, ಗಾನವೃಂದಕ್ಕಾಗಲಿ ಹಾಡುವ ಗುಂಪಿಗಾಗಲಿ ಅವಕಾಶ ಕೊಡಬಾರದು.

ಹಾಡಿನ ಬಗೆಗಿನ ಇಂಥ ಎಚ್ಚರಿಕೆಗೆ ಒಂದು ಕಾರಣ ಅಮೆರಿಕದ ವಾಷಿಂಗ್ಟನ್ ರಾಜ್ಯದಿಂದ ಬಂದಿತ್ತು. ಅಲ್ಲಿನ ಸ್ಕ್ಯಾಗಿಟ್ ಕಣಿವೆಯ ಒಂದು ಗಾನವೃಂದ ಮಾರ್ಚ್ 10ರ ಸಂಜೆ ಅಭ್ಯಾಸಕ್ಕೆ ಸೇರಿತ್ತು. ಬಂದವರು 61 ಜನ, ಸೋಂಕು ತಗುಲಿದ್ದು ಅಥವಾ ತಗುಲಿರಬಹುದೆಂದು ಎಣಿಸಿದ್ದು 53 ಜನಕ್ಕೆ, ತೀರಿಕೊಂಡವರು ಇಬ್ಬರು. ಹಾಡುವಾಗ ಉಸಿರು ಆಳಕ್ಕೆ ಇಳಿಯುತ್ತದೆ, ದನಿ ಏರಿದಷ್ಟೂ ಬಾಯಿಂದ ಹೊರಡುವ ಸೂಕ್ಷ್ಮ ಕಣ ಹೆಚ್ಚುತ್ತದೆ ಎಂಬುದು ಜಗತ್ತಿಗೆ ಮನದಟ್ಟಾಯಿತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒತ್ತೊತ್ತಾಗಿ ನಿಂತು ಒಂದೇ ಮೈಕಿಗೆ ಹಾಡುವ ರೂಢಿ ನಮ್ಮಲ್ಲೂ ಇದೆ. ಅಲ್ಲಿ ಆದದ್ದು ಇಲ್ಲಿ ಆಗದು ಎನ್ನಲು ಯಾವ ಆಧಾರವೂ ಇರಲಿಲ್ಲ.

ಜೂನ್ ನಂತರದ ಭಾನುವಾರದ ಪೂಜೆಗೆ ನಿಯಮಾವಳಿಯೇ ಒಂದು ಹೊಸ ರೂಪ ಕೊಟ್ಟಿತು. ಬಾಗಿಲಲ್ಲಿ ಜ್ವರ ನೋಡುವ ಉಪಕರಣ. ಒಳಗೆ ಕಾಲಿಡುವಾಗ ಬೆರಳದ್ದುವ ತೀರ್ಥದ ತೊಟ್ಟಿ ಒಣಗಿತ್ತು. ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ. ಬೆಂಚಿಗೆ ಆ ತುದಿಗೊಬ್ಬರು, ಈ ತುದಿಗೊಬ್ಬರು. ಕೈಯಿಂದ ಕೈಗೆ ಹೋಗುವ ಹಾಡಿನ ಪುಸ್ತಕ ಬೀರುವಿನಲ್ಲೇ ಉಳಿಯಿತು. ಕಾಣಿಕೆ ತಟ್ಟೆ ಸಾಲಿನಲ್ಲಿ ಓಡಾಡಲಿಲ್ಲ. ಪೆಟ್ಟಿಗೆ ಒಂದೆಡೆ ಕುಳಿತಿತು. ಪರಮಪ್ರಸಾದ ಕೈಗೆ ಮಾತ್ರ.

ಒಂದು ವಿಷಯದಲ್ಲಿ ಭಾರತದ ಗುಡಿಗಳು ಜಗತ್ತಿಗಿಂತ ಮೊದಲೇ ಸಿದ್ಧವಾಗಿದ್ದವು. ಸಮಾಧಾನ ಹಂಚಿಕೊಳ್ಳುವ ಹೊತ್ತಿಗೆ ಪಶ್ಚಿಮದವರು ಕೈಕುಲುಕುತ್ತಾರೆ, ಅಪ್ಪಿಕೊಳ್ಳುತ್ತಾರೆ; ಅದನ್ನೆಲ್ಲ ಅವರು ಕಷ್ಟಪಟ್ಟು ಬಿಡಬೇಕಾಯಿತು. ಪೂಜೆಯನ್ನು ಭಾರತೀಯ ರೀತಿಗೆ ಹೊಂದಿಸಲು ನಮ್ಮ ಧರ್ಮಾಧ್ಯಕ್ಷರು ಕೇಳಿಕೊಂಡಿದ್ದ, ರೋಮ್ 1969ರ ಏಪ್ರಿಲ್ 25ರಂದು ಒಪ್ಪಿಗೆ ಕೊಟ್ಟ ಹನ್ನೆರಡು ಅಂಶಗಳಲ್ಲಿ ಕೈಮುಗಿದು ಸಮಾಧಾನ ಹೇಳುವುದೂ ಒಂದು. ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ, ಆರಾಧನಾವಿಧಿ ಕೇಂದ್ರದ ಮೂಲಕ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಅದನ್ನು ಧರ್ಮಕೇಂದ್ರಗಳಿಗೆ ತಲುಪಿಸಿದರು. ಅರ್ಧ ಶತಮಾನದ ಹಿಂದೆ ಸಂಸ್ಕೃತಿಯ ಹೆಸರಿನಲ್ಲಿ ಮಾಡಿದ ಬದಲಾವಣೆ ಪಿಡುಗಿನ ಕಾಲದಲ್ಲಿ ಆರೋಗ್ಯದ ನಿಯಮವೂ ಆಯಿತು.

ಯಾವುದನ್ನು ಹಾಡುವುದು?

ಗಾನವೃಂದ ಬೇಡವೆಂದರೆ ಹಾಡೇ ಬೇಡವೆಂದೇ? ಪೂಜೆಯನ್ನು ಯೋಜಿಸುವ ನಿಜವಾದ ಕೆಲಸ ಇಲ್ಲಿಂದ ಶುರುವಾಯಿತು. ಉತ್ತರ ಹುಡುಕಲು ಹೊಸ ಗ್ರಂಥ ಬೇಕಿರಲಿಲ್ಲ. ಪವಿತ್ರ ಸಂಗೀತದ ಬಗ್ಗೆ 1967ರ ಮಾರ್ಚ್ 5ರಂದು ರೋಮ್ ಹೊರಡಿಸಿದ ಸೂಚನೆ ಪೂಜೆಯ ಹಾಡನ್ನು ಮೂರು ಹಂತವಾಗಿ ವಿಂಗಡಿಸಿದೆ. ಮೊದಲ ಹಂತ: ಗುರುಗಳ ಮತ್ತು ಜನರ ಸಂವಾದ, ಪವಿತ್ರ ಪವಿತ್ರ ಪವಿತ್ರ ಎಂಬ ಘೋಷ, ಕರ್ತನ ಪ್ರಾರ್ಥನೆ. ಎರಡನೆಯದು: ದಯೆಯ ಬಿನ್ನಹ, ಮಹಿಮಾಗೀತೆ, ದೇವರ ಕುರಿಮರಿಯ ಗೀತೆ, ವಿಶ್ವಾಸ ಪ್ರಕಟಣೆ, ವಿಶ್ವಾಸಿಗಳ ಪ್ರಾರ್ಥನೆ. ಮೂರನೆಯದು: ಪ್ರವೇಶ ಗೀತೆ, ಕಾಣಿಕೆ ಗೀತೆ, ಪರಮಪ್ರಸಾದದ ಗೀತೆ ಮೊದಲಾದವು. ಮೊದಲ ಹಂತವನ್ನು ಬಿಟ್ಟು ಎರಡನೆಯದನ್ನೋ ಮೂರನೆಯದನ್ನೋ ಹಾಡಬಾರದು ಎಂಬುದು ಅದರ ನಿಯಮ.

ನಮ್ಮ ರೂಢಿಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಶನಿವಾರ ಸಂಜೆ ಗಾನವೃಂದ ಅಭ್ಯಾಸ ಮಾಡುವುದು ಯಾವುದನ್ನು? ಪ್ರವೇಶ ಗೀತೆಯನ್ನು, ಕಾಣಿಕೆ ಗೀತೆಯನ್ನು, ಪರಮಪ್ರಸಾದದ ಹೊತ್ತಿನ ಎರಡು ಹೊಸ ಹಾಡನ್ನು. ಸಂವಾದಗಳನ್ನು ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಕೀರ್ತನೆಯನ್ನು ಎಷ್ಟೋ ಕಡೆ ಓದಿಬಿಡುತ್ತೇವೆ. ಅಂದರೆ ಮೂರನೇ ಹಂತವನ್ನು ತಲೆಯ ಮೇಲೆ ಹೊತ್ತು ಮೊದಲನೆಯದನ್ನು ನೆಲಕ್ಕೆ ಬಿಟ್ಟಿದ್ದೇವೆ. ಗಾನವೃಂದ ನಿಂತ ದಿನ ಹಾಡೂ ನಿಂತುಹೋದದ್ದು ಅದಕ್ಕೇ. ಜನರ ಪಾಲಿನ ಹಾಡು ಜನರಿಗೆ ಬಾಯಿಪಾಠವಾಗಿದ್ದರೆ ಹಾಗಾಗುತ್ತಿರಲಿಲ್ಲ.

ನಿರ್ಬಂಧದೊಳಗೇ ಸಾಧ್ಯವಿದ್ದ ದಾರಿಯೆಂದರೆ ಒಬ್ಬ ಗಾಯಕ, ಒಂದು ವಾದ್ಯ. ಕೀರ್ತನೆಯ ಸಾಲುಗಳನ್ನು ಒಬ್ಬರು ಹಾಡುವುದು, ಜನ ಮಾಸ್ಕಿನೊಳಗೆ ತಗ್ಗಿದ ದನಿಯಲ್ಲಿ ಒಂದೇ ಪಲ್ಲವಿ ಹೇಳುವುದು. ಇದು ಧರ್ಮಸಭೆಯ ಅತಿ ಹಳೆಯ ಪದ್ಧತಿ; ನಮ್ಮ ನಾಡಿನ ಭಜನೆಯ, ಸೋಬಾನೆಯ ಪದ್ಧತಿಯೂ ಹೌದು. ಧ್ವನಿಮುದ್ರಿತ ಹಾಡಿಗೆ ನಿಯಮಾವಳಿ ಅನುಮತಿ ಕೊಟ್ಟಿತ್ತು ನಿಜ. ಪೂಜೆಗೆ ಮುಂಚೆ, ಜನ ಬಂದು ಕೂರುವ ಹೊತ್ತಿಗೆ ಅದು ಸರಿ. ಪೂಜೆಯ ಒಳಗೆ ಪೆನ್‌ಡ್ರೈವ್ ಹಾಡಿದರೆ ಜನ ಕೇಳುಗರಾಗುತ್ತಾರೆ; ಮೊಬೈಲಿನಲ್ಲಿ ಪೂಜೆ ನೋಡುತ್ತಿದ್ದವರಿಗೆ ಆ ಅಭ್ಯಾಸ ಆಗಲೇ ಹತ್ತಿತ್ತು. ನೇರಪ್ರಸಾರ ರೋಗಿಗಳಿಗೆ ದೊಡ್ಡ ಉಪಕಾರ ಮಾಡಿತು, ಆದರೆ ಅದು ಪೂಜೆಯಲ್ಲಿ ಪಾಲ್ಗೊಂಡದ್ದಕ್ಕೆ ಸಮವಲ್ಲ ಎಂದು ಆರಾಧನಾವಿಧಿ ಸಭೆಯ ಆಗಿನ ಮುಖ್ಯಸ್ಥ ಕಾರ್ಡಿನಲ್ ರಾಬರ್ಟ್ ಸಾರಾ 2020ರ ಆಗಸ್ಟ್ 15ರ ಪತ್ರದಲ್ಲಿ ನೆನಪಿಸಬೇಕಾಯಿತು.

ಒಂದೇ ಜಿಲ್ಲೆ, ಎರಡು ವಿಧಿ

ಮಂಡ್ಯ ಜಿಲ್ಲೆಯಲ್ಲಿ ಕಥೋಲಿಕರು ಎರಡು ವಿಧಿಗಳಿಗೆ ಸೇರಿದವರು. 1850ರಲ್ಲಿ ಪುದುಚೇರಿಯಿಂದ ಬೇರೆಯಾದ ಮೈಸೂರು ಧರ್ಮಕ್ಷೇತ್ರ ಲ್ಯಾಟಿನ್ ವಿಧಿಯದು. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳು ಅದರಲ್ಲಿವೆ. 2010ರ ಜನವರಿ 18ರಂದು ಸ್ಥಾಪನೆಯಾದ ಮಂಡ್ಯ ಧರ್ಮಕ್ಷೇತ್ರ ಸಿರೊ ಮಲಬಾರ್ ವಿಧಿಯದು. ಪಿಡುಗಿನ ಕಾಲದಲ್ಲಿ ಮೊದಲನೆಯದಕ್ಕೆ ಕೆ.ಎ. ವಿಲಿಯಂ, ಎರಡನೆಯದಕ್ಕೆ ಮಾರ್ ಸೆಬಾಸ್ಟಿಯನ್ ಅಡಯಂತ್ರತ್ ಧರ್ಮಾಧ್ಯಕ್ಷರು. ಲ್ಯಾಟಿನ್ ವಿಧಿಗೆ ಬಂದ ಎರಡನೇ ಆಜ್ಞೆಯ ದಿನವೇ, 2020ರ ಮಾರ್ಚ್ 25ರಂದು, ಸಿರೊ ಮಲಬಾರ್ ಸೇರಿದಂತೆ ಪೌರಸ್ತ್ಯ ಸಭೆಗಳಿಗೆ ರೋಮ್‌ನಿಂದ ಬೇರೆ ಸೂಚನೆ ಬಂತು.

ಸಿರೊ ಮಲಬಾರ್ ವಿಧಿಯ ಮಲಯಾಳಿ ಮನೆಗಳಲ್ಲಿ ಪವಿತ್ರ ಗುರುವಾರದ ರಾತ್ರಿ ಪೆಸಹಾ ಅಪ್ಪ ಮಾಡುತ್ತಾರೆ. ಹುಳಿ ಬರಿಸದ ಅಕ್ಕಿಹಿಟ್ಟಿನ ಅಪ್ಪ, ಅದರ ಮೇಲೆ ಗರಿಯ ಶಿಲುಬೆ, ಜೊತೆಗೆ ಬೆಲ್ಲ ಮತ್ತು ತೆಂಗಿನಹಾಲಿನ ಪಾನಕ. ಮನೆಯ ಯಜಮಾನ ಪ್ರಾರ್ಥನೆ ಹೇಳಿ ಅಪ್ಪ ಮುರಿದು ಹಿರಿಯರಿಂದ ಕಿರಿಯರವರೆಗೆ ಹಂಚುತ್ತಾನೆ. ಗುಡಿಗೆ ಬೀಗ ಬಿದ್ದರೂ ಈ ವಿಧಿಗೆ ಬೀಗ ಬೀಳಲಿಲ್ಲ, ಏಕೆಂದರೆ ಅದು ಮೊದಲಿನಿಂದಲೂ ಮನೆಯದು. ಕನ್ನಡ ಮನೆಗಳಲ್ಲಿ ಸಂಜೆಯ ಜಪಸರಕ್ಕೂ ತಪಸ್ಸುಕಾಲದ ಶಿಲುಬೆಹಾದಿಗೂ ಇದೇ ಸ್ಥಾನವಿತ್ತು. ಟಿವಿ ಬಂದ ಮೇಲೆ ಸಡಿಲವಾಗಿದ್ದ ಆ ರೂಢಿಗೆ ಮತ್ತೆ ಕಸುವು ಬರಲು ಲಾಕ್‌ಡೌನ್ ಬೇಕಾಯಿತು. ಬೆಂಗಳೂರಿನಿಂದ ಊರಿಗೆ ಮರಳಿದ ಹುಡುಗ ಹುಡುಗಿಯರು ಅಜ್ಜಿಯ ಜೊತೆ ಕುಳಿತು ಜಪಸರ ಹೇಳಬೇಕಾದ ಕಾಲ ಬಂದದ್ದು ಅಪರೂಪದ ಲಾಭ.

ಹಾಡಿಲ್ಲದ ಸಮಾಧಿಗಳು

2020ರ ಕೊನೆಗೆ ಕ್ರಿಸ್‌ಮಸ್ ಹತ್ತಿರವಾದಾಗ ರಾಜ್ಯ ಸರ್ಕಾರ ರಾತ್ರಿ ಕರ್ಫ್ಯೂ ಘೋಷಿಸಿ, ಡಿಸೆಂಬರ್ 24ರಂದು ಹಿಂಪಡೆಯಿತು. ನಡುರಾತ್ರಿಯ ಪೂಜೆಗೆ ಯಾವ ಹೊತ್ತು ಹೇಳುವುದೋ ಎಂಬ ಗೊಂದಲದಲ್ಲೇ ಆ ವಾರ ಕಳೆಯಿತು. 2021ರ ಬೂದಿ ಬುಧವಾರ, ಫೆಬ್ರವರಿ 17ರಂದು, ಹಣೆಗೆ ಶಿಲುಬೆ ಎಳೆಯುವ ಬದಲು ತಲೆಯ ಮೇಲೆ ಮಾತಿಲ್ಲದೆ ಬೂದಿ ಉದುರಿಸುವ ಕ್ರಮ ಬಂತು. ಏಪ್ರಿಲ್ 4ರ ಈಸ್ಟರ್ ಜನರೊಂದಿಗೆ ನಡೆಯಿತು. ಮೂರು ವಾರ ತುಂಬುವ ಮೊದಲೇ ಗುಡಿಗಳು ಮತ್ತೆ ಮುಚ್ಚಿದವು.

ಎರಡನೇ ಅಲೆ ಮಂಡ್ಯ ಜಿಲ್ಲೆಗೆ ಮೊದಲನೆಯದಕ್ಕಿಂತ ಕ್ರೂರವಾಗಿತ್ತು. ಜೂನ್ ಮಧ್ಯದಲ್ಲಿ ಬೇರೆ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಾಗಲೂ, ಸೋಂಕು ಇಳಿಯದ 11 ಜಿಲ್ಲೆಗಳ ಪಟ್ಟಿಯಲ್ಲಿ ಮಂಡ್ಯ ಉಳಿಯಿತು. ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಡೋರ್ನಹಳ್ಳಿಗೆ ಹೋಗುವ ಹರಕೆ ಆ ವರ್ಷವೂ ಬಾಕಿ. ಅಂತ್ಯಕ್ರಿಯೆಗೆ ಐವರಿಗೆ ಮಾತ್ರ ಅನುಮತಿ. ಶವಪೆಟ್ಟಿಗೆ ಗುಡಿಯೊಳಗೆ ಬರಲಿಲ್ಲ, ಬಂಧುಗಳು ಮುಖ ನೋಡಲಿಲ್ಲ, ಮಣ್ಣು ಹಾಕುವ ಹೊತ್ತಿಗೆ ಊರವರು ಸೇರಿ ಹಾಡುವ ವಿದಾಯದ ಹಾಡು ಇಲ್ಲ. ಎಂಟನೇ ದಿನದ ಪೂಜೆ, ಮೂವತ್ತನೇ ದಿನದ ಪೂಜೆಗಳೂ ಮುಚ್ಚಿದ ಗುಡಿಯಲ್ಲೇ ಕಳೆದವು.

ಮೃತರನ್ನು ನೆನೆಯುವ ವಿಷಯದಲ್ಲಿ ಧರ್ಮಸಭೆ ಕೊಟ್ಟ ಉತ್ತರಗಳಲ್ಲಿ ಒಂದು, ಎರಡನೇ ಅಲೆಗೂ ಮುಂಚಿನದು, ಮೆಚ್ಚುವಂಥದ್ದು. ಸಮಾಧಿ ಹಬ್ಬ ನವೆಂಬರ್ 2ರಂದು. ಆ ದಿನ ಸಮಾಧಿ ಭೂಮಿಯಲ್ಲಿ ಜನ ಕಿಕ್ಕಿರಿಯುತ್ತಾರೆ. ಮೃತರಿಗಾಗಿ ದೊರೆಯುವ ಪೂರ್ಣ ದಂಡವಿಮೋಚನೆಯನ್ನು 2020ರಲ್ಲಿ ರೋಮ್ ಇಡೀ ನವೆಂಬರ್ ತಿಂಗಳಿಗೆ ವಿಸ್ತರಿಸಿತು. ಜನ ಬೇರೆ ಬೇರೆ ದಿನ, ಮನೆಯವರಷ್ಟೇ ಹೋಗಿ ದೀಪ ಹಚ್ಚಿ ಪ್ರಾರ್ಥಿಸಿ ಬರಬಹುದಾಯಿತು. ಗುಂಪನ್ನು ಬೈಯುವ ಬದಲು ದಿನಗಳನ್ನು ಹೆಚ್ಚಿಸಿದ ಈ ಉಪಾಯವನ್ನು ನಮ್ಮ ಹಬ್ಬ, ನವೇನಗಳಿಗೂ ಬಳಸಬಹುದು.

2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಬಂದು 9 ಮತ್ತು 16ರ ಭಾನುವಾರಗಳನ್ನು ನುಂಗಿತು. ಆ ತಿಂಗಳ 21ರಂದು ಅದು ರದ್ದಾಯಿತು. ಏಪ್ರಿಲ್ 17ರ ಈಸ್ಟರ್‌ಗೆ ಬೆಂಕಿ, ಮೆರವಣಿಗೆ, ಗಾನವೃಂದ ಎಲ್ಲವೂ ಮರಳಿ ತಮ್ಮ ಜಾಗಕ್ಕೆ ಬಂದವು.

ಮುಂದಿನವರಿಗೆ

ಎರಡು ವರ್ಷಗಳ ಅನುಭವವನ್ನು ಧರ್ಮಕೇಂದ್ರಗಳು ಬರೆದಿಡದಿದ್ದರೆ ಇನ್ನೊಂದು ಪಿಡುಗಿಗೆ ಮತ್ತೆ ಮೊದಲಿಂದ ತಡಕಾಡಬೇಕಾಗುತ್ತದೆ. ಆದ್ದರಿಂದ ಈ ಸಂಚಿಕೆಯ ಓದುಗರಲ್ಲಿ ಕೆಲವು ವಿನಂತಿ. ಪ್ರತಿ ಧರ್ಮಕೇಂದ್ರವೂ ಕೀರ್ತನೆಯನ್ನು ಒಬ್ಬರೇ ನಿಂತು ಹಾಡಬಲ್ಲ ಇಬ್ಬರನ್ನಾದರೂ ತರಬೇತು ಮಾಡಲಿ. ಅವರಲ್ಲಿ ಒಬ್ಬರು ಉಪಕೇಂದ್ರದ ಹಳ್ಳಿಯವರಾಗಿರಲಿ. ಸಂವಾದ, ಘೋಷ, ಕರ್ತನ ಪ್ರಾರ್ಥನೆಗಳನ್ನು ಜನ ಪುಸ್ತಕವಿಲ್ಲದೆ ಹಾಡುವಷ್ಟು ರೂಢಿಯಾಗಲಿ. ಹೊಸ ಪ್ರವೇಶ ಗೀತೆ ಒಂದು ತಿಂಗಳು ತಡವಾದರೂ ನಷ್ಟವಿಲ್ಲ. ಮನೆಯ ಜಪಸರವನ್ನು ಪಿಡುಗು ಹೋಯಿತೆಂದು ಮತ್ತೆ ಕೈಬಿಡುವುದು ಬೇಡ.

ಕೊನೆಯದು, ಬಾಕಿ ಉಳಿದ ಋಣ. 2020 ಮತ್ತು 2021ರಲ್ಲಿ ಹಾಡಿಲ್ಲದೆ ಮಣ್ಣಾದವರ ಹೆಸರುಗಳು ನಿಮ್ಮ ಧರ್ಮಕೇಂದ್ರದ ಮರಣ ದಾಖಲೆ ಪುಸ್ತಕದಲ್ಲಿವೆ. ಆ ಪಟ್ಟಿಯನ್ನು ತೆಗೆದು, ಆ ಮನೆಯವರನ್ನು ಕರೆದು, ಬರುವ ನವೆಂಬರ್ 2ರ ಪೂಜೆಯಲ್ಲಿ ಹೆಸರು ಹೆಸರಾಗಿ ಓದಿ, ಗಾನವೃಂದವೂ ಜನರೂ ಸೇರಿ ಅವರಿಗೆ ಸಲ್ಲಬೇಕಿದ್ದ ವಿದಾಯದ ಹಾಡನ್ನು ಪೂರ್ತಿಯಾಗಿ ಹಾಡಿ.